ಮೊಳೆ

ಕೀರ್ತನಖೋಲಾ ನದಿಯ ಲಾಂಚುಕಟ್ಟೆಯ ಹಿಂದೆ
ತೊಫಾಜ್ಜಲ್ ಚಾಚಾನ ಅಚ್ಚುಕೂಟ.
ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುವ ಕೆಲಸ ನನ್ನದು.

ಬೆಳಗ್ಗೆ ಮಿಲಾದಿನ ಕರೆಯೋಲೆ,
ಮಧ್ಯಾಹ್ನ ಸರಸ್ವತಿ ಪೂಜೆಯ ಚೀಟಿ.
ಸಂಜೆ ಬಿಚ್ಚಿ ಸುರಿದರೆ
ಎರಡರ 'ಅ'ವೂ ಒಂದೇ ಮನೆಗೆ ಬೀಳುತ್ತಿತ್ತು.
ಎಲ್ಲಿಂದ ಬಂದೆ ಎಂದು ಯಾರೂ ಕೇಳಲಿಲ್ಲ ಅದನ್ನು.

ತಿಂಗಳಿಗೊಮ್ಮೆ ಬಕುಲ್ ಟೀಚರ ಪತ್ರಿಕೆ, ಎಂಟೇ ಪುಟ.
ಆ ದಿನ ಪ್ರಶ್ನೆಚಿಹ್ನೆಯ ಮನೆ ಬರಿದು.
"ಮೂರನೇ ಪುಟಕ್ಕೇ ಮುಗಿದುಹೋದವು ಟೀಚರ್,
ಉಳಿದದ್ದಕ್ಕೆ ದಾಡಿ ಹಾಕಲೇ?"
ನಮ್ಮ ವಾಕ್ಯಗಳ ಕೊನೆಗೆ ನಿಲ್ಲುವ ಗೀಟು ಅದು,
ಲಾಠಿಯ ಹಾಗೆ ನೆಟ್ಟಗೆ.
ಆಕೆ ನಕ್ಕರು: "ಜಾಗ ಖಾಲಿ ಬಿಡು,
ಓದುವವರು ಪೆನ್ಸಿಲು ತರಲಿ."

ಬಿಟ್ಟೆವು.

ಆಮೇಲೊಂದು ರಾತ್ರಿ ಬಾಗಿಲು ಮುರಿದವರು
ಮೊಳೆಯನ್ನೆಲ್ಲ ಹೊಳೆಗೆ ಸುರಿದರು.
ಅವರಲ್ಲೊಬ್ಬನ ಮದುವೆ ಕಾಗದಕ್ಕೆ
ಅದೇ ಮೊಳೆ ಜೋಡಿಸಿದ್ದೆ ನಾನು, ಸಾಲಕ್ಕೆ.

ಈಗಲೂ ನೀರಿಳಿದಾಗ
ಕೆಸರಲ್ಲಿ ಕಾಲಾಡಿಸುವ ಮಕ್ಕಳಿಗೆ ಒಂದೊಂದು ಸಿಗುತ್ತದೆ.
ಮೊನ್ನೆ ಒಬ್ಬಳು ತಂದಳು, ಸವೆದ ಸೀಸದ ಚೂರು.
"ಇದು ಯಾವ ಅಕ್ಷರ, ತಾತ?"
ಕನ್ನಡಕ ಮನೆಯಲ್ಲಿತ್ತು.
ಒತ್ತಿ ನೋಡು ಎಂದೆ,
ನಿನ್ನ ಅಂಗೈಗೇ.