ವಾಟ

ಮೇಸ್ತ್ರಿ ಮೂರು ಸಲ ‘ನಾಳೆ’ ಎಂದ ಮೇಲೆ
ನಾನೇ ಕರಣೆ ಹಿಡಿದೆ.
ಅಪ್ಪ ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿದ್ದವರು,
ಬಚ್ಚಲಿನ ಟೈಲು ಯಾವ ಮಹಾ!

ಸಂದಿಗಿಡುವ ಪ್ಲಾಸ್ಟಿಕ್ಕಿನ ಪುಟ್ಟ ಶಿಲುಬೆಗಳನ್ನು
ಒಂದೊಂದಾಗಿ ಕೊಟ್ಟಳು ಜೆಸಿಂತಾ
ತೇರ್ಸಿನ ಮಣಿ ಎಣಿಸುವ ಬೆರಳಲ್ಲಿ.

ಮಗನ ಗೋಲಿ ಬಿಟ್ಟು ನೋಡಿದೆವು.
ಜಾಲರಿಯತ್ತ ಹೊರಟದ್ದು ನಡುವಲ್ಲಿ
ಏನೋ ಮರೆತವರ ಹಾಗೆ ನಿಂತಿತು.
ಕಿತ್ತೆ.
ಮತ್ತೆ ಇಟ್ಟೆ.
ಉಗುರಿನ ಸಿಮೆಂಟು ಊಟಕ್ಕೂ ಬಂತು.

ಮೂರು ದಿನ ಮೈಮುನಕ್ಕನ ಮನೆಯಲ್ಲಿ ಸ್ನಾನ,
ಅವರದೇ ಸಾಬೂನಿನ ಪರಿಮಳ ನಮಗೆಲ್ಲ.

ನಾಲ್ಕನೆಯ ಬೆಳಿಗ್ಗೆ ಮೊದಲ ಚೊಂಬು ಸುರಿದೆ.
ನೀರು ತುಸು ಯೋಚಿಸಿ
ದಾರಿ ಹಿಡಿಯಿತು.

ಮೂಲೆಯದೊಂದು ಮಾತ್ರ, ತಟ್ಟಿದರೆ, ಪೊಳ್ಳು.
ಜೆಸಿಂತಾಳಿಗೆ ಹೇಳಿಲ್ಲ.
ದಿನಾ ಅದರ ಮೇಲೆಯೇ ಹಿಮ್ಮಡಿಯೂರಿ
ಬೆನ್ನುಜ್ಜಿಕೊಳ್ಳುತ್ತೇನೆ.