ಬಾಕಿ ಇಲ್ಲ

ಒಂದು ಹಾಳೆ, ಏಳು ಸಹಿ.
ಲೈಬ್ರರಿ, ಲ್ಯಾಬು, ಜಿಮಖಾನಾ, ಹಾಸ್ಟೆಲ್ಲು,
ಎನ್ನೆಸ್ಸೆಸ್ಸು, ಫೀ ಕೌಂಟರು, ಕಡೆಗೆ ಪ್ರಾಂಶುಪಾಲರು.
'ಈ ವಿದ್ಯಾರ್ಥಿನಿಯಿಂದ ಬರತಕ್ಕ ಬಾಕಿ ಏನೂ ಇಲ್ಲ'
ಎಂದು ಏಳು ಮಂದಿ ಬರೆದುಕೊಟ್ಟರೆ
ನಾನು ಹೋಗಬಹುದು.

ಬಾಗಲಕೋಟೆಯ ಮೇ ತಿಂಗಳು. ಹನ್ನೊಂದಕ್ಕೇ
ನವನಗರದ ರಸ್ತೆ ರೊಟ್ಟಿ ಬೇಯುವಷ್ಟು ಕಾದಿದೆ.
ಜಿಮಖಾನಾದವರು ಊಟಕ್ಕೆ ಹೋಗಿದ್ದಾರೆ.
ಮೂರು ವರ್ಷದಿಂದ ಅವರು ಊಟಕ್ಕೇ ಹೋಗಿದ್ದಾರೆ.

ಲೈಬ್ರರಿಯ ಹಂಚಿನಮನಿ ಸರ್ ಕನ್ನಡಕ ಏರಿಸಿ
ನನ್ನ ಕಾರ್ಡು ತಿರುವಿದರು:
'ಭೌತರಸಾಯನ, ಎರಡನೇ ಭಾಗ. ಎಂಟು ಸಲ ಒಯ್ದೀಯಲ್ಲವಾ.
ಓದೀದೇನು?'
ಓದಿದ್ದು ಅದರೊಳಗೆ ದಿಲ್‌ಶಾದ ಇಡುತ್ತಿದ್ದ ಚೀಟಿಗಳನ್ನು.
ಅವಳ ಬ್ಯಾಚು ಬೆಳಿಗ್ಗೆ, ನನ್ನದು ಮಧ್ಯಾಹ್ನ.
ಮೊಬೈಲು ಅವಳ ಮನೆಯಲ್ಲಿ ಅಪ್ಪನ ಕಿಸೆಯಲ್ಲಿ,
ನಮಗೆ ವಾರ್ಡನ್ನಿನ ಕಪಾಟಿನಲ್ಲಿ.
ಯಾರೂ ಮುಟ್ಟದ ಆ ದಪ್ಪ ಪುಸ್ತಕವೇ ನಮ್ಮ ಅಂಚೆಪೆಟ್ಟಿಗೆ.
ಇದನ್ನು ಹೇಳಲಿಲ್ಲ. ನಕ್ಕೆ.
ಸಹಿ ಬಿತ್ತು.

ದಿಲ್‌ಶಾದ ಬಾಗವಾನ ಒಂದು ರವಿವಾರ
ಹಳೇ ಊರಿನ ಕಡೆ ಕರೆದೊಯ್ದಿದ್ದಳು.
ಹಿನ್ನೀರಿನ ದಂಡೆಗೆ ನಿಂತು ಬೊಟ್ಟು ಮಾಡಿ
'ಆ ಕೊಕ್ಕರೆ ನಿಂತೈತಲ್ಲ,
ಅದು ನಮ್ಮಜ್ಜಿ ಅಡಗಿಮನಿ' ಅಂದಳು.
ನನಗೆ ನೀರಷ್ಟೇ ಕಂಡಿತು.
ಅವಳೂ ಆ ಮನೆ ನೋಡಿದವಳಲ್ಲ; ಹುಟ್ಟುವ ಮೊದಲೇ
ಅವರ ಓಣಿಗೆ ಸೆಕ್ಟರ್ ನಂಬರು ಬಂದಿತ್ತು.
ಆದರೂ ಒಲೆ ಎಲ್ಲಿ, ಬಚ್ಚಲು ಎಲ್ಲಿ, ನುಗ್ಗಿಗಿಡ ಎಲ್ಲಿ,
ಒಂದೂ ತಪ್ಪದೆ ತೋರಿಸಿದಳು.
ಬೇಸಿಗೆಗೆ ನೀರು ಇಳಿದಾಗ ಅಜ್ಜಿ ಹೋಗಿ
ಉಳಿದ ಕಟ್ಟೆಯ ಮೇಲೆ ಕುಳಿತು
ಒಂದು ಎಲೆ ಅಡಿಕೆ ಹಾಕಿಕೊಂಡು ಬರುತ್ತಾಳಂತೆ.

ಲ್ಯಾಬಿನಲ್ಲಿ ಮಾನಪ್ಪಣ್ಣ ರಜಿಸ್ಟರು ತೆಗೆದ.
ಬ್ಯೂರೆಟ್ಟು ಒಂದು, ಒಡೆದದ್ದು. ದಂಡ ಮುನ್ನೂರಾ ಇಪ್ಪತ್ತು.
ಹೆಸರು: ಸಂಗನಬಸು ಮೆಟಗುಡ್ಡ. ಪಾವತಿಯಾಗಿದೆ.
ನನ್ನ ಹೆಸರಿನ ಮುಂದೆ ಬರೀ ಒಂದು ಗೆರೆ.

ಒಡೆದವಳು ನಾನು.
ಎರಡನೇ ಸೆಮಿಸ್ಟರು. ಕೈ ಬೆವೆತಿತ್ತು, ಜಾರಿತು.
ಗಾಜಿನ ಸದ್ದು ಮುಗಿಯುವ ಮೊದಲೇ ಹಿಂದಿನ ಟೇಬಲಿನಿಂದ
'ನಂದ್ರೀ ಸರ್, ನನ್ನ ಮೊಳಕೈ ತಾಗ್ತು.'
ಅಲ್ಲಿಯ ತನಕ ಅವನ ದನಿ ಕೇಳಿರಲಿಲ್ಲ.
ಆಮೇಲೂ ಹೆಚ್ಚು ಕೇಳಲಿಲ್ಲ.
ಆ ತಿಂಗಳು ಪೂರ್ತಿ ಅವನು ಕ್ಯಾಂಟೀನಿಗೆ ಬರಲಿಲ್ಲ ಎಂಬುದು
ನನಗೆ ಹೊಳೆದದ್ದು ಈಗ,
ಮಾನಪ್ಪಣ್ಣ ಸಹಿಗೆಂದು ಪೆನ್ನು ಹುಡುಕುವಾಗ.

ನೋಟೀಸು ಬೋರ್ಡಿನ ಹತ್ತಿರ ಸಿಕ್ಕ.
ಅವನಿಗಿನ್ನೂ ಒಂದು ಪೇಪರು ಬಾಕಿ.
ನಾನು ದುಡ್ಡು ಮಡಿಚಿ ಹಿಡಿದಿದ್ದೆ.
ಹಿಡಿದೇ ಇದ್ದೆ. ನೋಟು ಬೆವರಿಗೆ ಮೆತ್ತಗಾಯಿತು.
'ಮುಧೋಳದಾಗ ಸಕ್ಕರಿ ಫ್ಯಾಕ್ಟರಿ ಲ್ಯಾಬಿನ್ಯಾಗ ಕೆಲಸ ಸಿಕ್ಕೇತಿ' ಅಂದೆ.
'ಅಲ್ಲಿ ಗಾಜು ಗಟ್ಟಿ ಇರ್ತಾವ ಬಿಡು' ಅಂದ.
ಅಷ್ಟೇ. ಪರೀಕ್ಷೆಯ ಅರ್ಜಿ ತುಂಬಲು ಹೋದ.

ನಾನು ತಿರುಗಿ ಲೈಬ್ರರಿಗೆ.
ಭೌತರಸಾಯನ, ಎರಡನೇ ಭಾಗ.
ಮುನ್ನೂರಾ ಇಪ್ಪತ್ತು ರೂಪಾಯಿ, ಮೇಲೊಂದು ಚೀಟಿ,
ಅವನ ಹೆಸರು, ಕೆಳಗೆ ನನ್ನದಿಲ್ಲ.
ಅವನಿಗೆ ಬಾಕಿ ಇರುವುದು ಅದೇ ಪೇಪರು.
ಓದಿದರೆ ಸಿಗುತ್ತದೆ.
ಅವನು ಓದುವವನಲ್ಲ.

ಸಂಜೆಗೆ ಏಳೂ ಸಹಿ ಆದವು. ಜಿಮಖಾನಾದವರೂ
ಬಾಯಿ ಒರೆಸಿಕೊಳ್ಳುತ್ತ ಬಂದರು.
ಟ್ರಂಕಿನ ಒಂದು ಕಿವಿ ದಿಲ್‌ಶಾದಳ ಕೈಗೆ, ಒಂದು ನನ್ನ ಕೈಗೆ,
ಬಸ್ ಸ್ಟ್ಯಾಂಡಿನ ತನಕ.
ಅವಳು ಅಳಲಿಲ್ಲ. ಟ್ರಂಕಿಗೆ ಬೈದಳು:
'ಏನ್ ತುಂಬೀಯೇ ಇದರಾಗ, ಕಲ್ಲೇನ?'
ಬಸ್ಸು ಹೊರಟಮೇಲೂ ಬೈಯುತ್ತಲೇ ಇದ್ದಳು,
ಕಿಟಕಿಯಿಂದ ಬಾಯಿ ಮಾತ್ರ ಕಾಣುತ್ತಿತ್ತು.

ಕಲಾದಗಿಯ ಹತ್ತಿರ ನೀರು ಕಂಡಿತು.
ಬಿಸಿಲಿಳಿದ ತೆಳ್ಳನೆಯ ನೀರು, ಹೊಳೆಯೋ ಹಿನ್ನೀರೋ.
ನಾನು ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದೆ:
ಅಲ್ಲಿ ಎರಡನೇ ಬೆಂಚು, ಅಲ್ಲಿ ನಲ್ಲಿ,
ಅಲ್ಲಿ ಮೆಸ್ಸಿನ ಕಿಟಕಿ, ಅದರ ಪಕ್ಕ...
ಸೀಟಿನ ತುದಿಗೆ ಕುಳಿತ ಹುಡುಗ ಕೇಳಿದ,
'ಅಕ್ಕಾ, ಅಲ್ಲೇನೈತಿ?'
ಕೊಕ್ಕರೆ, ಅಂದೆ.