ಗಡ್ಡ ಇಲ್ಲದ ಫೋಟೊ

ಕೃಷಿ ವಿಶ್ವವಿದ್ಯಾಲಯದಾಗ ಹತ್ತಿ ಕಲಿಯಾಕ ಬಂದಾವ.
ಹೆಸರು ಬಹ್ರೋಮ್. ನನ್ನ ಬಾಯಾಗ ಅದು ಬಹಿರೂಮು.
ಸಪ್ತಾಪುರದಾಗ ನನ್ನ ಅಂಗಡಿ ಮುಂದ
ಅರ್ಧಾ ತಾಸು ನಿಂತ, ಒಳಗ ಬರಲಿಲ್ಲ.

ಬಂದ. ಖುರ್ಚಿ ಅಂದೆ, ಕುಂತ.
ಸಾಬೂನು ಅಂದೆ, ನಕ್ಕ.
ಅವನ ದೇಶದಾಗೂ ಸಾಬೂನು ಸಾಬೂನೇ ಅಂತ,
ಖುರ್ಚಿ ಖುರ್ಚಿನೇ, ಬಜಾರ ಬಜಾರನೇ.
ಉಳಿದದ್ದಕ್ಕೆಲ್ಲಾ ಸಿನಿಮಾದ ಹಿಂದಿ.

'ಪೂರಾ ತೆಗೀರಿ. ಪಾಸ್‌ಪೋರ್ಟ್ ಹೊಸಾದು ಮಾಡಸಬೇಕು,
ಗಡ್ಡದ ಫೋಟೊ ನಮ್ಮವರು ತಗೊಳ್ಳಂಗಿಲ್ಲ.'
ಇಪ್ಪತ್ತೇಳು ವರ್ಷದಾಗ ಏನೇನಕ್ಕೋ ಬೋಳಿಸೀನಿ:
ಸೂತಕ, ಲಗ್ನ, ಪಿಎಸ್‌ಐ ಇಂಟರ್ವ್ಯೂ.
ಇದು ಹೊಸಾದು.

ಬ್ಲೇಡು ಮುರಿದು ಅರ್ಧಾ ಹಾಕಿದೆ.
ಅವನ ಗಂಟಲ ಮಣಿ ಏರಿ ಇಳೀತಿತ್ತು.
'ಹೆದರಬ್ಯಾಡಪಾ' ಅಂದೆ.
'ನಿಮಗಲ್ಲ' ಅಂದ.

ಅಪ್ಪ ಒಂದು ಪಕ್ಷದ ಲೆಕ್ಕ ಬರೀತಿದ್ದನಂತ.
ಒಳಯುದ್ಧ ಮುಗಿದ ಮ್ಯಾಲ ಸರಕಾರನ
ಕೈ ಕೊಟ್ಟು ಒಳಗ ಕರಕೊಂಡ ಪಕ್ಷ.
ಬೋರ್ಡು, ಚಂದಾ ರಸೀದಿ, ಚಾದ ಕೆಟಲಿ, ಎಲ್ಲಾ ಇತ್ತು ಹದಿನೆಂಟು ವರ್ಷ.
ಒಂದು ಮುಂಜಾನೆ ಬೋರ್ಡು ಇಲ್ಲ.
ಮುಂದಿನ ವಾರ ಅಪ್ಪ ಇಲ್ಲ.

'ಹೆಸರೇನು ಪಕ್ಷದ್ದು?'
'ನಹ್ಜತ್. ಮತ್ತ ಏಳೂದು, ಮತ್ತ ಹುಟ್ಟೂದು.'
ಪಾಳಿಗೆ ಕುಂತಿದ್ದ ಕನ್ನಡ ಎಂ.ಎ. ಹುಡುಗ
ಪೇಪರಿನಿಂದ ತಲಿ ಎತ್ತಿದ:
'ನವೋದಯ ಅನ್ನಬಹುದು, ಕಾಕಾ.'

ಕನ್ನಡ್ಯಾಗ ಎದುರಿನ ಕೋಚಿಂಗ್ ಕ್ಲಾಸಿನ ಬೋರ್ಡು ಉಲ್ಟಾ ಕಾಣತಿತ್ತು:
ನವೋದಯ ಪ್ರವೇಶ ಪರೀಕ್ಷೆ, ಅರ್ಜಿ ಇಲ್ಲೇ ತುಂಬಿ ಕೊಡಲಾಗುವುದು.
ಧಾರವಾಡದಾಗ ಅದು ಸಾಲಿ ಹೆಸರು, ಹಳೇ ಕವಿಗಳ ಕಾಲದ ಹೆಸರು,
ಬೇಕಾದ್ರ ಸಲೂನಿಗೂ ಇಡಬಹುದು.
ಆ ಹೆಸರಿಗೆ ಇಲ್ಲಿ ರಾತ್ರಿ ಯಾರೂ ಬಾಗಲಾ ಬಡಿದಿಲ್ಲ.

'ಚಲೋ ಪಕ್ಷ ಏನು ಅದು?'
ಕೇಳಬಾರದಿತ್ತು.
ಬಾಳ ಹೊತ್ತು ಸುಮ್ಮನಿದ್ದ, ನೊರಿ ಒಣಗಾಕ ಹತ್ತಿತು.
'ಅಕ್ಕಗ ಹಾಡಾಕ ಬಿಡತಿರಲಿಲ್ಲ ಅಪ್ಪ.
ಆಕಿ ದುತಾರ ಅಟ್ಟದ ಮ್ಯಾಲ ಒಗದಿದ್ದ.
ಅವನ್ನ ಒಯ್ದಾಗ ಎಲ್ಲಾರಕಿಂತ ಜೋರ ಅತ್ತಾಕಿ
ಆಕಿನ.'

ಎಡಗಲ್ಲ ಆತು. ಬಲಗಲ್ಲ. ಗದ್ದ.
ಗದ್ದದಾಗ ಒಂದು ಸಣ್ಣ ಕುಣಿ,
ಒಂದು ಜೋಳದ ಕಾಳು ಹಿಡಿಯುವಷ್ಟು.

ಅವನು ಕನ್ನಡಿಗೆ ಮಾರಿ ಹತ್ತಿರ ಒಯ್ದ.
'ಟೀವ್ಯಾಗ ಒಮ್ಮೆ ತೋರಿಸಿದ್ರು, ಕಟಾಂಜನದ ಹಿಂದ.
ಬೋಳಿಸಿದ್ರು. ಯಾರಿಂವಾ ಅಂದಿದ್ದೆ.
ಅಪ್ಪಗ ಗದ್ದ ಇರತೈತಿ ಅನ್ನೂದ ಗೊತ್ತಿರಲಿಲ್ಲ.'

ಪಟಕ ನೀರಾಗ ಅದ್ದಿ ತಿಕ್ಕಿದೆ.
ಕಣ್ಣಾಗ ನೀರು ಬಂತು ಅವಗ.
ಪಟಕಕ್ಕ ಹಂಗ ಆಗತೈತಿ, ಅಂದೆ.